ಪುರದ ಸಗಣಿ, ಪುರದ ಬೆಳಕು: ಪ್ರೊ. ಅಮೂಲ್ಯ ರೆಡ್ಡಿ

ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯನ್ನು ಜಗತ್ತಿನ ವಿಜ್ಞಾನಿಗಳಿಗೆ ಪರಿಚಯಿಸಿದವರು ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಜಾನ್ ಬಾಕ್ರಿಸ್ ಅವರೊಂದಿಗೆ ಬರೆದ ವಿದ್ಯುತ್ ರಸಾಯನಶಾಸ್ತ್ರದ ಪಠ್ಯಪುಸ್ತಕ ಇವರಿಗೆ ದೊಡ್ಡ ಹೆಸರು ತಂದಿತ್ತು. ಆದರೂ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದರು. ಅದರ ಹಳ್ಳಿ ಕೇಂದ್ರ ಪುರದ ಹತ್ತಿರದ ಉಂಗ್ರದಲ್ಲಿ ಆರಂಭವಾಯಿತು.

ಪುರದಲ್ಲಿ ಮೊದಲು ಸಗಣಿಯ ಅನಿಲದಿಂದ ಮನೆಮನೆಯ ಒಲೆ ಉರಿಸುವ ಯೋಜನೆ ಇತ್ತು. ಆದರೆ ಸಿಕ್ಕ ಸಗಣಿ ಅದಕ್ಕೆ ಸಾಲಲಿಲ್ಲ. ಊರಿಗೆ ಕುಡಿಯುವ ನೀರಿನ ತೊಂದರೆಯೂ ಇತ್ತು. ಆಗ ತಂಡ ದಾರಿ ಬದಲಿಸಿತು. ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟರು. ಕಿಡಿ ಹೊತ್ತಲು ಮಾತ್ರ ಸ್ವಲ್ಪ ಡೀಸೆಲ್ ಸಾಕಾಯಿತು. ಹೀಗೆ ತಯಾರಾದ ವಿದ್ಯುತ್ತಿನಿಂದ ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ ಸಿಕ್ಕಿತು, ಬಗ್ಗಡ ಗೊಬ್ಬರವಾಗಿ ಹೊಲಕ್ಕೆ ಮರಳಿತು.

2000ದಲ್ಲಿ ವೋಲ್ವೊ ಪರಿಸರ ಪ್ರಶಸ್ತಿಯನ್ನು ಹಂಚಿಕೊಂಡ ರೆಡ್ಡಿಯವರು 2006ರಲ್ಲಿ ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ಇಂಧನದ ಸಂಶೋಧನೆ ಎಂದರೆ ಪ್ರಯೋಗಾಲಯದ ಲೆಕ್ಕವಷ್ಟೇ ಅಲ್ಲ. ಊರಿನಲ್ಲಿ ಏನು ಸಿಗುತ್ತದೆ, ಊರಿಗೆ ಏನು ಬೇಕು ಎಂದು ಕೇಳಿ ತಿಳಿಯುವುದೂ ಅದರ ಭಾಗವೇ.