ಕಿಂಡಿಯುಳ್ಳ ಕಾಂಡ

ನಮ್ಮ ಅಜ್ಜಿ ಬಚ್ಚಲಿನಲ್ಲಿ ಜಾರಿ ತೊಡೆಯೆಲುಬಿನ ಕುತ್ತಿಗೆಯನ್ನು ಮುರಿದುಕೊಂಡಾಗ ವೈದ್ಯರು ಕೂರಿಸಿದ ಲೋಹದ ಕೀಲಿನ ಹೆಸರು ಆಸ್ಟಿನ್ ಮೂರ್. ಅದು ಮನುಷ್ಯರೊಬ್ಬರ ಹೆಸರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

1899ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಜನಿಸಿದ ಮೂರ್, ಅಲ್ಲಿಯ ಕೊಲಂಬಿಯಾ ನಗರದಲ್ಲಿಯೇ ಮೂಳೆವೈದ್ಯರಾಗಿ ನೆಲೆಸಿದರು. 1940ರಲ್ಲಿ ಬಾಲ್ಟಿಮೋರಿನ ಹೆರಾಲ್ಡ್ ಬೋಲ್ಮನ್ ಅವರೊಡಗೂಡಿ, ಗಡ್ಡೆಯಿಂದ ಜೀರ್ಣವಾಗಿದ್ದ ತೊಡೆಯೆಲುಬಿನ ಮೇಲ್ಭಾಗವನ್ನು ತೆಗೆದು, ಸುಮಾರು ಒಂದಡಿಯ ವೈಟಾಲಿಯಂ ಲೋಹದ ಅಂಗವನ್ನು ಜೋಡಿಸಿದರು. ಜಗತ್ತು ಅವರನ್ನು ನೆನೆಯುವುದು ಈ ಸಾಹಸಕ್ಕಾಗಿ. ನನ್ನನ್ನು ಸೆಳೆದುದು ಬೇರೆ.

1950ರ ಸುಮಾರಿಗೆ ಅವರು ರೂಪಿಸಿದ ಹೊಸ ಕೀಲಿಗೆ, ಎಲುಬಿನ ಮಜ್ಜೆಯ ನಾಳದೊಳಗೆ ಬಡಿದಿಳಿಸುವ ಕಾಂಡವಿತ್ತು, ಕಾಂಡದಲ್ಲಿ ಕಿಂಡಿಗಳಿದ್ದವು. ಅವುಗಳಲ್ಲಿ ರೋಗಿಯದೇ ಎಲುಬಿನ ಚೂರುಗಳನ್ನು ತುಂಬಿದರೆ, ಹೊಸ ಎಲುಬು ಅಲ್ಲಿ ಹಾಯ್ದು ಬೆಳೆದು ಲೋಹವನ್ನು ತಾನೇ ಬಂಧಿಸುವುದೆಂದು ಅವರ ನಿರೀಕ್ಷೆ. ಇಂಗ್ಲೆಂಡಿನ ಚಾರ್ನ್‌ಲಿ ಸಿಮೆಂಟಿನಿಂದ ಕಾಂಡವನ್ನು ಬಿಗಿಯತೊಡಗಿದ್ದು ಆ ಬಳಿಕ.

ನಿರೀಕ್ಷೆ ಪೂರ್ಣವಾಗಿ ಕೈಗೂಡಲಿಲ್ಲವೆನ್ನಬೇಕು. ನುಣುಪು ಲೋಹದ ಮೈಗೆ ಎಲುಬು ಕಚ್ಚಿಕೊಳ್ಳದು. ಕಾಂಡ ಅಲುಗಿದರೆ ತೊಡೆ ನೋಯುವುದು. ಅಜ್ಜಿಯೂ ಮೆಟ್ಟಿಲ ಬಳಿ ನಿಂತು ತೊಡೆಯನ್ನು ಒತ್ತಿಕೊಳ್ಳುತ್ತಿದ್ದರು. ಇತ್ತ ಕಿಂಡಿಯಲ್ಲಿ ಎಲುಬು ಬಲಿತಿತೋ, ಕಾಂಡವನ್ನು ಹೊರತೆಗೆಯುವುದೇ ದುಸ್ಸಾಧ್ಯ!

ಮೂರ್ 1963ರಲ್ಲಿ ತೀರಿಕೊಂಡರು. ಕಿಂಡಿಯ ಬದಲು ಕಾಂಡದ ಮೈಮೇಲೆ 0.1ರಿಂದ 0.4 ಮಿಲಿಮೀಟರಿನಷ್ಟು ಸಣ್ಣ ರಂಧ್ರಗಳಿದ್ದರೆ ಎಲುಬು ಒಳಹೊಗುವುದೆಂದೂ, ಅದಕ್ಕೆ ಕಾಂಡವು ಮೊದಲ ದಿನದಿಂದಲೇ ಅಲುಗದೆ ಕೂರಬೇಕೆಂದೂ ಮುಂದಿನವರು ಕಂಡುಕೊಂಡರು. ಸಿಮೆಂಟಿಲ್ಲದ ಇಂದಿನ ಅನೇಕ ಕಾಂಡಗಳು ಈ ಬಗೆಯವು.

ಅಜ್ಜಿಯದು ಹಳೆಯ ಕಿಂಡಿಯದೇ. ಕೋಲೂರಿಕೊಂಡು ಅವರು ಅದರೊಡನೆ ಒಂಬತ್ತು ವರ್ಷ ನಡೆದರು.