ಲೇಥು ತಿರುಗಿದ ದಾರಿ: ಲಕ್ಷ್ಮಣರಾವ್ ಕಿರ್ಲೋಸ್ಕರರ ಬದುಕು

ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯ ಹೆಸರು ಕೇಳಿದವರಿಗೆ ಅದರ ಸ್ಥಾಪಕರು ಕನ್ನಡ ನಾಡಿನಲ್ಲಿ ಹುಟ್ಟಿದವರೆಂಬುದು ಎಷ್ಟೋ ಸಲ ನೆನಪಿರುವುದಿಲ್ಲ. ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮನೆಮಾತು ಮರಾಠಿ, ಊರಿನ ಮಾತು ಕನ್ನಡ. ಅವರ ಉದ್ಯಮವೂ ಇದೇ ರೀತಿ ಎರಡು ಭಾಷೆಗಳ ಸೀಮೆಯಲ್ಲಿ ಹೋಗಿಬಂದು ಬೆಳೆಯಿತು.

ಓದಿಗಿಂತ ಚಿತ್ರಕಲೆ ಮತ್ತು ಯಂತ್ರಗಳಲ್ಲಿ ಆಸಕ್ತಿಯಿದ್ದ ಹುಡುಗ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದ. ಅಲ್ಲಿ ಅವರಿಗೆ ಭಾಗಶಃ ಬಣ್ಣಗುರುಡು ಇದೆಯೆಂದು ತಿಳಿದುಬಂತು. ಬಣ್ಣಗಳ ಭೇದ ಕಾಣದವನಿಗೆ ಚಿತ್ರಕಾರನ ಬದುಕು ಸಾಧ್ಯವಿರಲಿಲ್ಲ. ಆದರೆ ಗೆರೆಗೆ ಬಣ್ಣ ಬೇಡ. ಲಕ್ಷ್ಮಣರಾಯರು ಯಂತ್ರಗಳ ರೇಖಾಚಿತ್ರವನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಅಧ್ಯಾಪಕರಾದರು. ಯಂತ್ರಗಳನ್ನು ಬಿಚ್ಚಿ ಜೋಡಿಸುವ ಕೈಚಳಕವೂ ಆ ವರ್ಷಗಳಲ್ಲಿ ಬಲಿಯಿತು. ತಮಗೆ ಸಲ್ಲಬೇಕಾದ ಬಡ್ತಿ ಬೇರೊಬ್ಬರ ಪಾಲಾದಾಗ ಅವರು ನೌಕರಿಯನ್ನು ಬಿಟ್ಟು ಬೆಳಗಾವಿಗೆ ಮರಳಿದರು.

ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣನವರೊಡನೆ 1888ರಲ್ಲಿಯೇ ಆರಂಭಿಸಿದ್ದ ಸೈಕಲ್ ಅಂಗಡಿಯೊಂದಿತ್ತು. ‘ಕಿರ್ಲೋಸ್ಕರ ಬ್ರದರ್ಸ್’ ಎಂಬ ಹೆಸರು ಬಂದದ್ದು ಅಲ್ಲಿಂದ. ಸೈಕಲ್ ಮಾರುವುದು ಪರರು ಮಾಡಿದ್ದನ್ನು ಮಾರುವ ಕೆಲಸ. ಲಕ್ಷ್ಮಣರಾಯರ ಮನಸ್ಸು ತಾವೇ ಮಾಡುವುದರತ್ತ ಹರಿಯಿತು. ಸಣ್ಣ ಕಾರ್ಯಾಗಾರವೊಂದನ್ನು ತೆರೆದು ಅವರು ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸತೊಡಗಿದರು.

ನೇಗಿಲು ಸಿದ್ಧವಾಯಿತು, ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬುದು ಒಕ್ಕಲಿಗರ ಅಂಜಿಕೆಯಾಗಿತ್ತು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳ ತಾಳ್ಮೆಯೇ ಮುಂದಿನ ಎಲ್ಲಕ್ಕೂ ತಳಹದಿ. ರೈತನನ್ನು ಮೂಢನೆಂದು ತಳ್ಳಿಬಿಡದೆ, ಅವನ ಹೊಲದಲ್ಲಿಯೇ ನೇಗಿಲು ತನ್ನ ಗುಣವನ್ನು ತೋರಲಿ ಎಂದು ಅವರು ಕಾದರು.

ಉದ್ಯಮ ನೆಲೆಗೊಳ್ಳುತ್ತಿರುವಾಗಲೇ ನಗರಸಭೆಯ ನಿರ್ಬಂಧದಿಂದ ಬೆಳಗಾವಿಯ ಜಾಗವನ್ನು ತೆರವು ಮಾಡಬೇಕಾಯಿತು. ಆಗ ನೆರವಿಗೆ ಬಂದವರು ಔಂಧ ಸಂಸ್ಥಾನದ ಅಧಿಪತಿ ಭವಾನರಾವ್ ಪಂತ ಪ್ರತಿನಿಧಿ. ಅವರು ಸ್ವತಃ ಚಿತ್ರಕಾರರು. ಹತ್ತು ಸಾವಿರ ರೂಪಾಯಿ ಸಾಲವನ್ನೂ, ಮಿರಜದಿಂದ ಪುಣೆಗೆ ಹೋಗುವ ರೈಲುಹಾದಿಯ ಕುಂಡಲ ರೋಡ್ ನಿಲ್ದಾಣದ ಬಳಿ 32 ಎಕರೆ ನೆಲವನ್ನೂ ಒದಗಿಸಿದರು. ಅದು ಪಾಪಾಸುಕಳ್ಳಿ ಬೆಳೆದ, ಹಾವುಗಳು ಹರಿದಾಡುವ ಬಂಜರು. 1910ರಲ್ಲಿ ಆ ಬಂಜರಿನಲ್ಲಿ ಕಾರ್ಖಾನೆಯೂ ಅದರ ಸುತ್ತ ಒಂದು ಊರೂ ಎದ್ದವು. ಕಾಲಾಂತರದಲ್ಲಿ ನಿಲ್ದಾಣವೇ ಕಿರ್ಲೋಸ್ಕರವಾಡಿ ಎನಿಸಿತು. ಅಸ್ಪೃಶ್ಯತೆಗೆ ಆ ಊರಿನಲ್ಲಿ ಎಡೆಯಿರಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾದವರನ್ನೂ ನಂಬಿ ಕಾವಲಿಗೆ ನೇಮಿಸಿದ್ದು ಲಕ್ಷ್ಮಣರಾಯರ ಸ್ವಭಾವಕ್ಕೆ ಸಾಕ್ಷಿ.

ಆ ಕಾಲದ ಕಾರ್ಖಾನೆಯ ಒಳಗನ್ನು ಇಂದಿನ ವಿದ್ಯಾರ್ಥಿ ಊಹಿಸುವುದು ಕಷ್ಟ. ಒಂದು ಮೂಲೆಯಲ್ಲಿ ಒಂದೇ ಎಂಜಿನ್. ಅದರ ಶಕ್ತಿ ಚಾವಣಿಯ ಕೆಳಗಿನ ಉದ್ದನೆಯ ಉಕ್ಕಿನ ದಂಡಕ್ಕೆ. ಆ ದಂಡದ ಮೇಲಿನ ಗಾಲಿಗಳಿಂದ ಬೆಲ್ಟುಗಳ ಮೂಲಕ ಕೆಳಗಿನ ಲೇಥು, ಡ್ರಿಲ್ಲು, ಸಾಣೆಗಳಿಗೆ. ಲೇಥಿನ ವೇಗ ಬದಲಿಸಬೇಕಾದರೆ ಮೆಟ್ಟಿಲು ಮೆಟ್ಟಿಲಾದ ಗಾಲಿಯ ಮೇಲೆ ಬೆಲ್ಟನ್ನು ಸರಿಸಬೇಕು. ಮೂರೋ ನಾಲ್ಕೋ ಮೆಟ್ಟಿಲು, ಅಷ್ಟೇ ವೇಗಗಳು. ಒಂದೇ ಲೇಥಿನ ಕೆಲಸವಿದ್ದರೂ ದಂಡವೆಲ್ಲ ತಿರುಗಬೇಕು. ಎಂಜಿನ್ ನಿಂತರೆ ಎಲ್ಲರೂ ನಿಲ್ಲಬೇಕು.

ಮೊದಲನೆಯ ಮಹಾಯುದ್ಧ ವಿದೇಶಿ ನೇಗಿಲುಗಳ ಆಮದನ್ನು ತಡೆದಾಗ ಕಿರ್ಲೋಸ್ಕರ ನೇಗಿಲಿಗೆ ಬೇಡಿಕೆ ಏರಿತು. 1920ರಲ್ಲಿ ಸಂಸ್ಥೆ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಅಲ್ಲಿಂದ ಹೊರಟ ‘ಕಿರ್ಲೋಸ್ಕರ ಖಬರ್’ ಪತ್ರಿಕೆ ಮರಾಠಿ ಸಾಹಿತ್ಯದಲ್ಲಿ ತನ್ನದೇ ಸ್ಥಾನ ಪಡೆಯಿತು. ಹಿರಿಯ ಮಗ ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ 1926ರಲ್ಲಿ ಮರಳಿದರು. ಪಂಪು, ಎಂಜಿನ್‌ಗಳ ತಯಾರಿಕೆ ಬೆಳೆಯಿತು.

ನೇಗಿಲು ಮಾಡುವವನಿಗೆ ಲೇಥು ಬೇಕು. ಆ ಲೇಥನ್ನು ಮಾಡುವವರು ಯಾರು? ಯಂತ್ರವನ್ನು ಮಾಡುವ ಯಂತ್ರ ಹೊರದೇಶದಿಂದಲೇ ಬರುತ್ತಿದ್ದರೆ ಸ್ವಾವಲಂಬನೆ ಅರೆಬರೆ. ಈ ಪ್ರಶ್ನೆಗೆ ಉತ್ತರವಾಗಿ 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಂಪನಿ ಹುಟ್ಟಿ, ಲೇಥುಗಳನ್ನು ತಯಾರಿಸಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ ಎಲೆಕ್ಟ್ರಿಕ್ ಕಂಪನಿ ಆರಂಭವಾಗಿ ವಿದ್ಯುತ್ ಮೋಟಾರುಗಳು ಹೊರಬಂದವು. ಬೆಳಗಾವಿಯಿಂದ ಹೊರಬಿದ್ದ ಉದ್ಯಮ ಮಕ್ಕಳ ಕಾಲದಲ್ಲಿ ಹೀಗೆ ಕನ್ನಡ ನಾಡಿಗೆ ಮರಳಿತು. ಲೇಥು ಒಂದೂರಿನಿಂದ, ಅದನ್ನು ತಿರುಗಿಸುವ ಮೋಟಾರು ಇನ್ನೊಂದೂರಿನಿಂದ.

ಲೇಥಿಗೊಂದು ಮೋಟಾರು ಬಂದಾಗ ಚಾವಣಿಯ ದಂಡ ಮಾಯವಾಯಿತು; ಪ್ರತಿಯೊಬ್ಬ ಕೆಲಸಗಾರನೂ ತನ್ನ ಯಂತ್ರಕ್ಕೆ ತಾನೇ ಒಡೆಯನಾದ. ಆದರೆ ವೇಗದ ಮೆಟ್ಟಿಲುಗಳು ಉಳಿದವು. ನಾಲ್ಕು ಧ್ರುವಗಳ ತ್ರೀ-ಫೇಸ್ ಮೋಟಾರಿನಲ್ಲಿ ಕಾಂತಕ್ಷೇತ್ರವು 50 ಹರ್ಟ್ಜ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ. ಮೋಟಾರಿನ ದಂಡ ಅದಕ್ಕಿಂತ ತುಸು ಹಿಂದೆ ಉಳಿಯುತ್ತದೆ. ಆವರ್ತಾಂಕ ಬದಲಾಗದೆ ಈ ವೇಗ ಬದಲಾಗದು. ಇಂದಿನ ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್ ಮಾಡುವುದು ಅದನ್ನೇ. ಮನೆಗೆ ಬರುವ 230 ವೋಲ್ಟಿನ ಸಿಂಗಲ್ ಫೇಸ್ ವಿದ್ಯುತ್ತನ್ನು ಅದು ಮೊದಲು ನೇರ ವಿದ್ಯುತ್ತಾಗಿಸಿ, ಬಳಿಕ ಬೇಕಾದ ಆವರ್ತಾಂಕದ ಮೂರು ಫೇಸುಗಳಾಗಿ ಕಟ್ಟಿಕೊಡುತ್ತದೆ. 25 ಹರ್ಟ್ಜ್ ಕೊಟ್ಟರೆ 1500 ಸುತ್ತು 750ಕ್ಕೆ ಇಳಿಯುತ್ತದೆ. ಬೆರಳಿನಲ್ಲಿ ಗುಂಡಿ ತಿರುಗಿಸಿದರೆ ವೇಗ ಮೆಟ್ಟಿಲಿಳಿಯದೆ ಇಳಿಜಾರಿನಂತೆ ಇಳಿಯುತ್ತದೆ.

ಈ ಸೌಕರ್ಯಕ್ಕೂ ಮಿತಿಯುಂಟು. ಆ ಪೂರೈಕೆಯಲ್ಲಿ ಮೋಟಾರಿನ ಸುರುಳಿಗಳನ್ನು ಸ್ಟಾರ್ ಬದಲು 230 ವೋಲ್ಟಿಗೆ ಹೊಂದುವ ಡೆಲ್ಟಾ ಜೋಡಣೆಯಲ್ಲಿ ಕಟ್ಟಬೇಕು. ಮೋಟಾರು ಆ ವೋಲ್ಟೇಜಿಗೆ ತಕ್ಕದ್ದಾಗಿರಬೇಕು. ವೇಗ ಅರ್ಧವಾದಾಗ ತಿರುಗಿಸುವ ಬಲ ಉಳಿದರೂ ಒಟ್ಟು ಶಕ್ತಿ ಅರ್ಧವಾಗುತ್ತದೆ. ದಂಡಕ್ಕೇ ಕಟ್ಟಿದ ಬೀಸಣಿಗೆಯೂ ನಿಧಾನವಾಗಿ ಮೋಟಾರು ಬಿಸಿಯೇರುತ್ತದೆ. ದಪ್ಪ ಕಬ್ಬಿಣವನ್ನು ಆಳವಾಗಿ ಕಡೆಯಬೇಕಾದಾಗ ಹಳೆಯ ಗೇರು, ಹಳೆಯ ಗಾಲಿಗಳೇ ಬೇಕು. ಆದ್ದರಿಂದ ಬಲ್ಲ ಕೆಲಸಗಾರ ಅವುಗಳನ್ನು ಕಿತ್ತೆಸೆಯುವುದಿಲ್ಲ. ಹೊಸದನ್ನು ಹಳೆಯದರ ಮೇಲೆ ಕೂರಿಸಿ, ಎರಡರಿಂದಲೂ ದುಡಿಸಿಕೊಳ್ಳುತ್ತಾನೆ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಈ ಎಲೆಕ್ಟ್ರಾನಿಕ್ ಡ್ರೈವನ್ನು ಅವರು ಕಾಣಲಿಲ್ಲ. ಅವರ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿಯನ್ನು ಹೊರತಂದಿತು. ಹರಿಹರದ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿವೆ. ಆದರೆ ಬೀಡು ಕಬ್ಬಿಣದ ಲೇಥಿನ ಆಯುಷ್ಯ ಕಂಪನಿಯ ಆಯುಷ್ಯಕ್ಕಿಂತ ದೊಡ್ಡದು. ಕೃಷ್ಣೆಯ ದಡದ ಸಾಂಗ್ಲಿವಾಡಿಯಲ್ಲಾಗಲಿ ಮಿರಜದಲ್ಲಾಗಲಿ, ಮರಾಠಿ ಕನ್ನಡಗಳೆರಡನ್ನೂ ಆಡುವ ತರುಣನೊಬ್ಬ ಹರಿಹರದ ಹಳೆಯ ಲೇಥೊಂದಕ್ಕೆ ತ್ರೀ-ಫೇಸ್ ಮೋಟಾರನ್ನೂ ಡ್ರೈವನ್ನೂ ಅಳವಡಿಸಿದರೆ, ಅವನು ಯಾವ ಸ್ಮಾರಕಕ್ಕೂ ಕಡಿಮೆಯಲ್ಲದ ಕೆಲಸ ಮಾಡಿದಂತೆ. ಕೈಗೆ ಸಿಕ್ಕಿದ್ದನ್ನು ಅರಿತು, ಅಳೆದು, ಕೆಲಸಕ್ಕೆ ಹೊಂದಿಸುವುದು ಲಕ್ಷ್ಮಣರಾಯರ ಜೀವನದ ರೀತಿ. ಬಣ್ಣ ಕಾಣದ ಕಣ್ಣನ್ನು ಗೆರೆಗೆ ಹೊಂದಿಸಿಕೊಂಡ ದಿನದಿಂದಲೂ ಅವರು ಮಾಡುತ್ತ ಬಂದದ್ದು ಅದನ್ನೇ.