ಗಾಜಿನೊಳಗಿನ ಕಡಲು

ಕೆಲವು ವರ್ಷಗಳ ಹಿಂದಿನ ಮಾತು. ಓದುವ ಕೋಣೆಯ ಕಿಟಕಿಯ ಬಳಿ ಒಂದು ಗಾಜಿನ ತೊಟ್ಟಿಯನ್ನಿರಿಸಿ, ಉಪ್ಪುನೀರು ತುಂಬಿ, ಕಡಲಿನ ಮೀನುಗಳನ್ನು ಸಾಕುವ ಹವ್ಯಾಸಕ್ಕೆ ನಾನು ಕೈಹಾಕಿದೆ. ತೊಟ್ಟಿ ಸಿದ್ಧವಾಗಿ ಹತ್ತು ದಿನಗಳಾಗಿದ್ದವು. ನೀರು ಸ್ಫಟಿಕದಂತೆ ತಿಳಿಯಾಗಿತ್ತು. ಆ ತಿಳಿಯನ್ನೇ ನಂಬಿ ಒಂದೇ ದಿನ ಮೂರು ಮೀನುಗಳನ್ನು ತಂದು ಬಿಟ್ಟೆ. ಕಿತ್ತಳೆ ಬಣ್ಣದ ಮೈ, ಅದಕ್ಕೆ ಬಿಳಿಯ ಪಟ್ಟೆ. ಮನೆಯವರೆಲ್ಲ ಊಟದ ಹೊತ್ತು ಮರೆತು ನೋಡಿದರು. ನಾಲ್ಕನೆಯ ದಿನ ಬೆಳಿಗ್ಗೆ ಮೂರೂ ಸತ್ತು ತೇಲುತ್ತಿದ್ದವು. ಅಂದೂ ನೀರು ಅಷ್ಟೇ ತಿಳಿಯಾಗಿತ್ತು.

ಕೊಂದವನು ನಾನೇ ಎಂಬುದರಲ್ಲಿ ಸಂದೇಹವಿರಲಿಲ್ಲ. ಹೇಗೆ ಕೊಂದೆನೆಂಬುದು ಮಾತ್ರ ತಿಳಿಯಲಿಲ್ಲ. ಅದನ್ನು ಅರಸುತ್ತ ಹೋದಾಗ, ಈ ಹವ್ಯಾಸಕ್ಕೆ ಹೆಸರು ಕೊಟ್ಟ ಮನುಷ್ಯನ ಪರಿಚಯವಾಯಿತು. ಆತ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ‘ಅಕ್ವೇರಿಯಂ’ ಎಂಬ ಪದವನ್ನು ಇಂದಿನ ಅರ್ಥದಲ್ಲಿ ಬಳಕೆಗೆ ತಂದವನು. ಮೀನಿನ ಸಾವಿಗೆ ಕಾರಣ ಹುಡುಕಲು ಹೊರಟ ನಾನು ಒಂದು ಬಾಳಿನ ಕಥೆಯಲ್ಲಿ ಸಿಲುಕಿಕೊಂಡೆ.

ಗಾಸ್ ಹುಟ್ಟಿದ್ದು 1810ರಲ್ಲಿ, ವೂಸ್ಟರ್ ನಗರದಲ್ಲಿ. ತಂದೆ ಪುಟ್ಟ ಭಾವಚಿತ್ರಗಳನ್ನು ಬರೆಯುತ್ತ ಊರೂರು ಅಲೆಯುತ್ತಿದ್ದ ಕಲಾವಿದ, ಮನೆಯಲ್ಲಿ ಬಡತನ. ಹುಡುಗ ಬೆಳೆದದ್ದು ಪೂಲ್ ಎಂಬ ಬಂದರಿನಲ್ಲಿ. ಕಡಲ ದಡದ ಜೀವಿಗಳ ಮೇಲೆ ಆತನಿಗೆ ಮೊದಲು ಕಣ್ಣು ತೆರೆಸಿದವಳು ಸೋದರತ್ತೆ. ಹದಿನೇಳನೆಯ ವಯಸ್ಸಿನಲ್ಲಿ ಆತ ಹೊಟ್ಟೆಪಾಡಿಗಾಗಿ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿನ ವ್ಯಾಪಾರದ ಮಳಿಗೆಯೊಂದರಲ್ಲಿ ಗುಮಾಸ್ತನಾದ. ಅಲ್ಲಿಯೇ 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಒಂದು ಹಳೆಯ ಪುಸ್ತಕ ಕೈಗೆ ಬಂದಿತು. ಅದೇ ವರ್ಷ ಮನಸ್ಸು ತೀವ್ರವಾದ ದೈವಭಕ್ತಿಗೂ ಒಲಿಯಿತು. ಜೀವಿಗಳನ್ನು ನೋಡುವುದು, ದೇವರನ್ನು ನಂಬುವುದು, ಈ ಎರಡು ನಿಷ್ಠೆಗಳೂ ಕೊನೆಯವರೆಗೆ ಆತನನ್ನು ಬಿಡಲಿಲ್ಲ.

ಮುಂದೆ ಕೆನಡದಲ್ಲಿ ಬೇಸಾಯ ಮಾಡಿ ಸೋತ; ಅಲಬಾಮದಲ್ಲಿ ಮಕ್ಕಳಿಗೆ ಪಾಠ ಹೇಳಿದ; 1839ರಲ್ಲಿ ಬರಿಗೈಯಲ್ಲಿ ತಾಯ್ನಾಡಿಗೆ ಮರಳಿದ. ಲೇಖನಿ ಕೈ ಹಿಡಿಯಿತು. 1844ರಿಂದ 1846ರವರೆಗೆ ಜಮೈಕದಲ್ಲಿದ್ದು ಅಲ್ಲಿಯ ಹಕ್ಕಿಗಳನ್ನು ಅಭ್ಯಾಸ ಮಾಡಿದ. 1848ರಲ್ಲಿ ಎಮಿಲಿ ಬೋವ್ಸ್ ಎಂಬಾಕೆಯನ್ನು ಮದುವೆಯಾದ. ಮರುವರ್ಷ ಗಂಡುಮಗು ಎಡ್ಮಂಡ್ ಹುಟ್ಟಿದ ದಿನ ಗಾಸ್ ತನ್ನ ದಿನಚರಿಯಲ್ಲಿ ಆ ಸಂಗತಿಯನ್ನು ಬರೆದು, ಅದರ ಬೆನ್ನಿಗೇ ಜಮೈಕದಿಂದ ಹಸಿರು ಕವಲುತೋಕೆ ಹಕ್ಕಿಯೊಂದು ಬಂದು ತಲಪಿದ್ದನ್ನೂ ಬರೆದುಕೊಂಡ. ಇದನ್ನು ಹೇಳಿ ನಕ್ಕವರು ಅನೇಕರು. ನನಗೇನೋ ಅದರಲ್ಲಿ ನಿರ್ದಯೆ ಕಾಣುವುದಿಲ್ಲ. ಆ ದಿನ ಬಂದದ್ದನ್ನೆಲ್ಲ ಬಂದ ಕ್ರಮದಲ್ಲಿ ಗುರುತು ಹಾಕುವುದು ಆತನ ಸ್ವಭಾವ. ಆ ಸ್ವಭಾವವಿಲ್ಲದವನು ಕಡಲಿನ ತೊಟ್ಟಿಯನ್ನು ಕಾಪಾಡಲಾರನೆಂದು ನಾನು ಕಷ್ಟಪಟ್ಟು ಕಲಿತಿದ್ದೇನೆ.

ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟು, 1852ರ ಆರಂಭದಲ್ಲಿ ಗಾಸ್ ಲಂಡನ್ನಿನಿಂದ ಡೆವನ್ ಪ್ರಾಂತದ ಕಡಲ ದಡಕ್ಕೆ ಹೋದ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ಉಳಿಯುವ ಪುಟ್ಟ ನೀರಗುಂಡಿಗಳಲ್ಲಿ ಏಡಿ, ಸೀಗಡಿ, ಹೂವಿನಂತೆ ಅರಳುವ ಅನಿಮೋನಿಗಳು ಕಂಡವು. ಅವನ್ನು ಮನೆಗೆ ತಂದರೆ ಒಂದೆರಡು ದಿನಗಳಲ್ಲಿ ನೀರು ಕೊಳೆತು ಜೀವಿಗಳು ಸಾಯುತ್ತಿದ್ದವು. ಇದು ಆಗಿನ ಎಲ್ಲರ ಅನುಭವ. ಆ್ಯನ್ ಥಿನ್ ಎಂಬ ಮಹಿಳೆ 1846ರಿಂದಲೇ ಲಂಡನ್ನಿನ ತನ್ನ ಮನೆಯಲ್ಲಿ ಹವಳದ ಜೀವಿಗಳನ್ನು ಉಳಿಸಿಕೊಂಡಿದ್ದಳು; ತೆರೆದ ಕಿಟಕಿಯ ಮುಂದೆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯಿಸಿ ಗಾಳಿ ಕೂಡಿಸುವುದು ಆಕೆಯ ಉಪಾಯ. ರಸಾಯನ ಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ, ಸಿಹಿನೀರಿನ ಮೀನು, ಜಲಸಸ್ಯ, ಬಸವನಹುಳು ಈ ಮೂರನ್ನು ಕೂಡಿಸಿ ಒಂದು ಸಮತೋಲವನ್ನು ತೋರಿಸಿದ. ಗಿಡ ಆಮ್ಲಜನಕ ಕೊಡುತ್ತದೆ. ಮೀನು ಬಿಟ್ಟ ಇಂಗಾಲದ ಅನಿಲವನ್ನು ಗಿಡ ತೆಗೆದುಕೊಳ್ಳುತ್ತದೆ. ಕೊಳೆಯುವ ಎಲೆಯನ್ನು ಹುಳು ಮೇಯುತ್ತದೆ. ಇದೇ ಸಮತೋಲವನ್ನು ಗಾಸ್ ಉಪ್ಪುನೀರಿನಲ್ಲಿ ಅರಸಿದ. 1853ರ ಮೇ ತಿಂಗಳಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆದಾಗ, ಆತ ಹಿಡಿದು ಕಳುಹಿಸಿದ ಜೀವಿಗಳು ಅಲ್ಲಿದ್ದವು. 1854ರಲ್ಲಿ ‘ದಿ ಅಕ್ವೇರಿಯಂ’ ಗ್ರಂಥ ಪ್ರಕಟವಾಯಿತು.

ಮೀನಿಗಿಂತ ಮೊದಲು ನೀರನ್ನು ಸಾಕಬೇಕು ಎಂಬುದೇ ಗಾಸ್‌ನ ಬೋಧನೆಯ ಸಾರವೆಂದು ನಾನು ತಿಳಿದಿದ್ದೇನೆ. ಕಡಲು ದೂರವಿದ್ದವರಿಗಾಗಿ ಆತ ಅಡಿಗೆಯ ಉಪ್ಪು, ಮೆಗ್ನೀಸಿಯಮ್ಮಿನ ಎರಡು ಲವಣ, ಪೊಟ್ಯಾಸಿಯಮ್ಮಿನ ಒಂದು ಲವಣ ತೂಗಿ ಸೇರಿಸಿ ಕೃತಕ ಕಡಲನೀರನ್ನು ಮಾಡಿದ. ಅದರಲ್ಲಿ ಮೊದಲು ಕಡಲಪಾಚಿ ಅಂಟಿದ ಕಲ್ಲುಗಳನ್ನಿಟ್ಟು ಕೆಲವು ದಿನ ಕಾದ ಮೇಲೆಯೇ ಪ್ರಾಣಿಗಳನ್ನು ಬಿಟ್ಟ. ಪ್ರಾಣಿಗಳ ಸಂಖ್ಯೆ ಮಿತವಾಗಿರಬೇಕು, ಬಿರುಬಿಸಿಲು ತಾಗಬಾರದು, ಸತ್ತದ್ದನ್ನು ಕಂಡೊಡನೆ ತೆಗೆಯಬೇಕು. ಆವಿಯಾಗಿ ನೀರು ಇಳಿದಾಗ ಮೊದಲಿನ ಮಟ್ಟಕ್ಕೆ ಸಿಹಿನೀರನ್ನೇ ಹೊಯ್ಯಬೇಕು. ಏಕೆಂದರೆ ಹಾರಿಹೋದದ್ದು ನೀರು, ಉಪ್ಪು ಅಲ್ಲಿಯೇ ಉಳಿದಿದೆ. ಗಾಜಿಗೆ ಹಬ್ಬುವ ಪಾಚಿಯನ್ನು ಮೇಯಲು ಸಣ್ಣ ಕಡಲ ಬಸವನಹುಳುಗಳನ್ನು ಬಿಟ್ಟು, ಅವುಗಳ ನಾಲಿಗೆ ಹುಲ್ಲು ಕೊಯ್ಯುವವನ ಕತ್ತಿಯಂತೆ ಆಡುವುದನ್ನು ಮಸೂರದಲ್ಲಿ ಕಂಡು ಆತ ಸಂತೋಷಪಟ್ಟ.

ಇದನ್ನು ಓದಿದಾಗ ನನ್ನ ಎರಡು ತಪ್ಪುಗಳು ಎದುರಿಗೆ ನಿಂತವು. ಇಳಿದ ನೀರಿಗೆ ನಾನು ಉಪ್ಪುನೀರನ್ನೇ ಸೇರಿಸುತ್ತಿದ್ದೆ. ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಇರಬೇಕಾದ ಲವಣ ದಿನೇ ದಿನೇ ಏರುತ್ತಿತ್ತು. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಅದರ ಪೂರ್ಣ ವಿವರಣೆ ಗಾಸ್‌ನಿಗೂ ತಿಳಿದಿರಲಿಲ್ಲ. ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ಹೊರಬಿಡುತ್ತದೆ. ಅದು ವಿಷ, ಬಣ್ಣವಿಲ್ಲದ್ದು, ಕಣ್ಣಿಗೆ ಕಾಣದು. ಕಲ್ಲು ಮರಳುಗಳಲ್ಲಿ ನೆಲಸುವ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ; ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಅಷ್ಟು ಕೇಡಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಈ ಸಂಸಾರ ಹೊಸ ತೊಟ್ಟಿಯಲ್ಲಿ ನೆಲೆಯೂರಲು ಕೆಲವು ವಾರಗಳು ಬೇಕು. ಈ ಸೂಕ್ಷ್ಮಜೀವಿಗಳ ಕೆಲಸವನ್ನು ವಿನೋಗ್ರಾಡ್‌ಸ್ಕಿ ಸ್ಪಷ್ಟಪಡಿಸಿದ್ದು 1890ರ ಸುಮಾರಿಗೆ. ಆಗ ಗಾಸ್ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಎಲ್ಲ ಕೀರ್ತಿಯನ್ನೂ ಪಾಚಿಗೆ ಕೊಟ್ಟ ಆತ, ಆ ಕಲ್ಲುಗಳೊಡನೆ ತನಗರಿಯದ ಸೇವಕರನ್ನೂ ತೊಟ್ಟಿಗೆ ಕರೆತಂದಿದ್ದ. ಕಾರಣ ತಿಳಿಯದೆಯೂ ಆತ ಕಾದ. ಕಾರಣ ಪುಸ್ತಕದಲ್ಲಿದ್ದರೂ ನಾನು ಕಾಯಲಿಲ್ಲ.

ಗ್ರಂಥದಿಂದ ಗಾಸ್‌ನ ಹೆಸರು ಮನೆಮಾತಾಯಿತು. 1856ರಲ್ಲಿ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿತು. ಆದರೆ 1857 ಆತನ ಬಾಳಿನ ಕರಾಳ ವರ್ಷ. ಫೆಬ್ರವರಿಯಲ್ಲಿ ಎಮಿಲಿ ಸ್ತನದ ಕ್ಯಾನ್ಸರಿನಿಂದ ಬಹಳ ನೋವುಂಡು ತೀರಿಕೊಂಡಳು. ಏಳು ವರ್ಷದ ಮಗನೊಡನೆ ಗಾಸ್ ಡೆವನ್ನಿನ ಸೇಂಟ್ ಮೇರಿಚರ್ಚ್ ಎಂಬಲ್ಲಿ ನೆಲಸಿದ. ಅದೇ ವರ್ಷ ‘ಓಂಫಾಲೋಸ್’ ಎಂಬ ಗ್ರಂಥವನ್ನು ಹೊರತಂದ. ಭೂಮಿಯ ಅಪಾರ ವಯಸ್ಸನ್ನು ಸಾರುವ ಶಿಲೆಗಳಿಗೂ ತನ್ನ ಧರ್ಮಗ್ರಂಥದ ಸೃಷ್ಟಿಯ ಕಥೆಗೂ ಅದರಲ್ಲಿ ಹೊಂದಿಕೆ ಮಾಡಹೊರಟಿದ್ದ: ಲೋಕ ಸೃಷ್ಟಿಯಾದಾಗಲೇ ಹಳೆಯ ಕಾಲದ ಗುರುತುಗಳೊಡನೆ ಸೃಷ್ಟಿಯಾಯಿತೆಂಬುದು ಆತನ ವಾದ. ವಿಜ್ಞಾನಿಗಳು ಒಪ್ಪಲಿಲ್ಲ; ಭಕ್ತರೂ ಒಪ್ಪಲಿಲ್ಲ. ಸ್ನೇಹಿತನಾದ ಕಿಂಗ್ಸ್ಲಿಯೂ ಕೈಬಿಟ್ಟ. ತೊಟ್ಟಿಯಲ್ಲಿ ಸಾಧಿಸಿದ ಸಮತೋಲ ಮನಸ್ಸಿನಲ್ಲಿ ಸಾಧ್ಯವಾಗಲಿಲ್ಲ.

ಆತ ಮತ್ತೆ ಬಂಡೆಗಳ ಬಳಿಗೆ ಹೋದ. ಪುಟ್ಟ ಎಡ್ಮಂಡನನ್ನು ಕರೆದುಕೊಂಡು ಇಳಿತದ ಗುಂಡಿಗಳಲ್ಲಿ ಇಳಿದು ಹುಡುಕಿ, ಬ್ರಿಟನ್ನಿನ ಅನಿಮೋನಿಗಳ ಮಹಾಗ್ರಂಥವನ್ನು 1860ರಲ್ಲಿ ಮುಗಿಸಿದ. ಆದರೆ ಆ ದಡ ಮೊದಲಿನಂತಿರಲಿಲ್ಲ. ಆತನ ಪುಸ್ತಕಗಳನ್ನು ಓದಿ ಮೆಚ್ಚಿದವರು ರೈಲು ಹತ್ತಿ, ಸುತ್ತಿಗೆ, ಉಳಿ, ಸೀಸೆಗಳೊಡನೆ ಬಂದು ಬಂಡೆಗಳನ್ನು ಒಡೆದು ಕಂಡದ್ದನ್ನೆಲ್ಲ ಹೊತ್ತೊಯ್ದಿದ್ದರು. ಒಯ್ದವುಗಳಲ್ಲಿ ಬಹುಪಾಲು ಮನೆಯ ತೊಟ್ಟಿಗಳಲ್ಲಿ ಸತ್ತವು. ಎಷ್ಟೋ ಕಾಲದಿಂದ ಯಾರ ಕೈಯೂ ತಾಗದ ಆ ಗುಂಡಿಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಅವನ್ನು ಬರಿದುಮಾಡಿದವರನ್ನು ಅಲ್ಲಿಗೆ ಕರೆದದ್ದು ತನ್ನ ಬರಹವೇ ಎಂದು ಗಾಸ್ ಬಲ್ಲ. ಆ ಅಳಲನ್ನು ಮಗ 1907ರಲ್ಲಿ ಪ್ರಕಟಿಸಿದ ‘ತಂದೆ ಮತ್ತು ಮಗ’ ಎಂಬ ಆತ್ಮಕಥೆಯಲ್ಲಿ ಬರೆದಿದ್ದಾನೆ. ಪ್ರೀತಿಸಲು ಕಲಿಸಿದವನೇ ಪ್ರೀತಿಸಿದ್ದರ ನಾಶಕ್ಕೆ ಕಾರಣನಾದುದು ಈ ಬಾಳಿನ ದೊಡ್ಡ ದುಃಖ.

1860ರಲ್ಲಿ ಗಾಸ್ ಎಲೈಜಾ ಬ್ರೈಟ್‌ವೆನ್ ಎಂಬಾಕೆಯನ್ನು ಮದುವೆಯಾದ. ಕೊನೆಯ ವರ್ಷಗಳು ಸೂಕ್ಷ್ಮದರ್ಶಕ, ಆರ್ಕಿಡ್ ಗಿಡ, ಪ್ರಾರ್ಥನೆಗಳಲ್ಲಿ ಕಳೆದವು. 1888ರ ಆಗಸ್ಟ್ 23ರಂದು ಆತ ತೀರಿಕೊಂಡ.

ನನ್ನ ತೊಟ್ಟಿ ಈಗಲೂ ಕಿಟಕಿಯ ಬಳಿ ಇದೆ. ಮೊದಲಿನ ಸಾವುಗಳ ಬಳಿಕ ಎರಡು ತಿಂಗಳು ಮೀನಿಲ್ಲದೆ ಬರಿಯ ಕಲ್ಲು ಮರಳುಗಳನ್ನಷ್ಟೆ ಇಟ್ಟು, ನೀರನ್ನು ಪರೀಕ್ಷಿಸುತ್ತ ಕುಳಿತೆ. ಅಮೋನಿಯ ಏರಿತು, ಇಳಿಯಿತು. ನೈಟ್ರೈಟ್ ಏರಿತು, ಅದೂ ಇಳಿಯಿತು. ಆಮೇಲೆ ಒಂದು ಮೀನು, ಅದಾಗಿ ಬಹುದಿನಗಳ ಮೇಲೆ ಇನ್ನೊಂದು. ಅವು ಕಡಲಿನಿಂದ ಹಿಡಿದು ತಂದವಲ್ಲ, ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಹವಳವನ್ನು ತರಲಿಲ್ಲ, ನಮ್ಮ ದೇಶದ ವನ್ಯಜೀವಿ ಕಾನೂನು ಅದನ್ನು ಕಾಪಾಡುತ್ತದೆ, ಕಾಪಾಡದಿದ್ದರೂ ಈಗ ತರುತ್ತಿರಲಿಲ್ಲ. ಗಾಜಿನ ಮೇಲೆ ಒಂದು ಗೆರೆ ಎಳೆದಿದ್ದೇನೆ. ಸಂಜೆ ಶಾಲೆಯಿಂದ ಬಂದೊಡನೆ ಆ ಗೆರೆಯವರೆಗೆ ಶುದ್ಧವಾದ ಸಿಹಿನೀರು ಹೊಯ್ಯುವುದು ನನ್ನ ಕೆಲಸ. ಮೂರನೆಯ ಮೀನು ಯಾವಾಗ ಬರುವುದೆಂದು ಮನೆಯ ಮಕ್ಕಳು ಕೇಳುತ್ತಲೇ ಇದ್ದಾರೆ. ಎರಡೇ ಸಾಕೆಂದು ಹೇಳಿ, ಅವರನ್ನು ತೊಟ್ಟಿಯ ಮುಂದೆ ಕೂರಿಸಿ, ಬಸವನಹುಳು ಗಾಜಿನ ಮೇಲೆ ಪಾಚಿ ಮೇಯುವುದನ್ನು ತೋರಿಸುತ್ತೇನೆ.